ಎಸ್.ಪಿ. ರೋಡಿನಲ್ಲಿ ಸಾಲಾವಳಿ

ಬೆಂಗಳೂರಿನ ಹಳೆಯ ಪೇಟೆಗಳಿಗೆ ಒಂದು ಗುಣವಿದೆ. ಒಂದು ಸಾಮಾನು ಸಿಗುವ ಬೀದಿಯಲ್ಲಿ ಅದೇ ಸಾಮಾನಿನ ಅಂಗಡಿಗಳು ಸಾಲುಗಟ್ಟಿ ನಿಂತಿರುತ್ತವೆ. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ ಎಂದರೆ ಸಾಕು, ಒಂದು ಕಾಲಕ್ಕೆ ಅಲ್ಲಿ ಏನು ಮಾರುತ್ತಿದ್ದರೆಂದು ಬೇರೆ ಹೇಳಬೇಕಾಗಿಲ್ಲ. ಸಾದರ ಪತ್ರಪ್ಪ ರಸ್ತೆಗೆ ಮಾತ್ರ ಈ ಅನುಕೂಲವಿಲ್ಲ. ಹೆಸರು ಕೇಳಿ ಅಲ್ಲಿ ಕಂಪ್ಯೂಟರು ಸಿಗುತ್ತದೆಂದು ಯಾರೂ ಊಹಿಸಲಾರರು. ಆದರೆ ‘ಎಸ್.ಪಿ. ರೋಡು’ ಎಂದು ನೋಡಿ, ರಾಜ್ಯದ ಯಾವ ಮೂಲೆಯ ಇಂಜಿನಿಯರಿಂಗ್ ವಿದ್ಯಾರ್ಥಿಯ ಮುಖವಾದರೂ ಅರಳುತ್ತದೆ! ಕಡಲೆಕಾಳಿನಷ್ಟು ದೊಡ್ಡ ಕೆಪಾಸಿಟರಿನಿಂದ ಹಿಡಿದು ಇಬ್ಬರು ಹೊರಬೇಕಾದ ಸರ್ವರ್ ಪೆಟ್ಟಿಗೆಯವರೆಗೆ ಎಲ್ಲವೂ ಈ ಒಂದೇ ಬೀದಿಯಲ್ಲಿ ಮತ್ತು ಅದರ ಸಂದಿಗೊಂದಿಗಳಲ್ಲಿ ಸಿಗುತ್ತವೆ.

ನಮ್ಮ ತುಮಕೂರಿನ ಕಡೆಯಿಂದ ಹೋಗುವವರಿಗೆ ದಾರಿ ಸುಲಭ. ರೈಲಿಳಿದು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ, ಅದರಾಚೆಯದು ಕೃಷ್ಣರಾಜೇಂದ್ರ ಮಾರುಕಟ್ಟೆ. ಎರಡರಲ್ಲಿ ಎಲ್ಲಿ ಇಳಿದರೂ ಸ್ವಲ್ಪ ನಡೆಯಬೇಕು. 2017ರ ಜೂನ್‌ನಲ್ಲಿ ಈ ಸುರಂಗ ಮಾರ್ಗ ತೆರೆದ ಮೇಲೆ ಆಟೊದವರೊಡನೆ ಚೌಕಾಸಿ ಮಾಡುವ ಕಷ್ಟ ತಪ್ಪಿದೆ. ಬಸ್ಸಿನಲ್ಲಿ ಬರುವವರು 1935ರಲ್ಲಿ ಕಟ್ಟಿದ ಪುಟ್ಟಣ್ಣಚೆಟ್ಟಿ ಪುರಭವನದ ಬಳಿ ಇಳಿದು ಯಾರನ್ನು ಕೇಳಿದರೂ ಕೈ ತೋರಿಸುತ್ತಾರೆ. ನಾನು ಮಾತ್ರ ಮಾರುಕಟ್ಟೆಯ ಕಡೆಯಿಂದ ಹೋಗುವುದನ್ನೇ ಇಷ್ಟಪಡುತ್ತೇನೆ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದಾಗ ಮೊದಲ ಬೀದಿ ದೀಪಗಳು ಹತ್ತಿಕೊಂಡದ್ದು ಈ ಆಸುಪಾಸಿನಲ್ಲೇ. ವಿಜ್ಞಾನದ ಮೇಷ್ಟ್ರಾದವನು ಆ ನೆನಪಿಗೆ ಎರಡು ಹೆಜ್ಜೆ ಹೆಚ್ಚು ನಡೆದರೆ ನಷ್ಟವೇನಿಲ್ಲ.

ಅಂಗಡಿಗಳ ಬಾಗಿಲು ಎತ್ತುವುದು ಹತ್ತೂವರೆಯ ಹೊತ್ತಿಗೆ. ಭಾನುವಾರ ಬಹುತೇಕ ಎಲ್ಲವೂ ಬಂದ್, ರಜೆಯಿದೆಯೆಂದು ಆ ದಿನವೇ ಹೊರಟುಬಿಡಬೇಡಿ. ಬೀದಿ ಅಗಲವಲ್ಲ. ತಲೆಯ ಮೇಲೆ ಜೇಡರ ಬಲೆಯಂತೆ ತಂತಿಗಳು, ಕಾಲಡಿಯಲ್ಲಿ ಥರ್ಮೊಕೋಲಿನ ಚೂರುಗಳು, ನಡುವೆ ಮಾನಿಟರುಗಳನ್ನು ಹೇರಿಕೊಂಡ ಕೈಗಾಡಿ, ಅದರ ಹಿಂದೆ ಹಾರ್ನು ಒತ್ತುವ ಸ್ಕೂಟರು. ಬೀದಿಗೆ ಮುಖ ಮಾಡಿದ ಅಂಗಡಿಗಳದ್ದು ಒಂದು ಲೋಕವಾದರೆ, ಕತ್ತಲೆ ಮೆಟ್ಟಿಲು ಹತ್ತಿ ಹೋಗಬೇಕಾದ ಮೇಲಿನ ಮಹಡಿಗಳದ್ದು ಇನ್ನೊಂದು. ಕೆಳಗೆ ಹೊಸದು, ಮೇಲೆ ಹಳೆಯದು ಎಂದು ಸ್ಥೂಲವಾಗಿ ಹೇಳಬಹುದು. ಕನ್ನಡ, ಹಿಂದಿ, ತಮಿಳು, ಉರ್ದು, ಮಾರವಾಡಿ ಎಲ್ಲ ಒಂದೇ ವಾಕ್ಯದಲ್ಲಿ ಕೇಳಿಸುತ್ತವೆ. ನಾಲ್ಕಡಿ ಅಗಲದ ಗೂಡಿನಲ್ಲಿ ಕೂತ ಹುಡುಗ ನೀವು ತೋರಿಸಿದ ಹಾಳಾದ ಭಾಗವನ್ನು ತಿರುಗಿಸಿ ನೋಡಿ, ಅದರ ನಂಬರನ್ನು ಓದುವ ಮೊದಲೇ ‘ಇಲ್ಲ, ಪಕ್ಕದ ಕಟ್ಟಡ, ಎರಡನೇ ಮಹಡಿ’ ಎನ್ನುತ್ತಾನೆ. ಹಾಗೆ ಹೇಳಿದ್ದು ತಪ್ಪಾದದ್ದನ್ನು ನಾನು ಕಂಡಿಲ್ಲ.

ಈ ಸಲ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವರು ನಮ್ಮ ಬೀದಿಯ ದಿನಸಿ ಅಂಗಡಿಯ ಯಜಮಾನರು ಮತ್ತು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದುತ್ತಿರುವ ಅವರ ಮಗಳು. ಅವರ ಮನೆಯಲ್ಲಿ ಹದಿನೈದು ವರ್ಷಗಳ ಫೋಟೊ, ವಿಡಿಯೊ ಎಲ್ಲ ಒಂದೇ ಒಂದು ಹೊರ ಹಾರ್ಡ್‌ಡಿಸ್ಕಿನಲ್ಲಿದ್ದವು. ಅದರ ಅಳತೆ 1 ಟಿಬಿ. ಯಜಮಾನರ ತಾಯಿ ಊರಿನ ಮದುವೆಗಳಲ್ಲಿ ಸೋಬಾನೆ ಹೇಳುತ್ತಿದ್ದ ಹೆಂಗಸು. ಆಕೆ 2021ರಲ್ಲಿ ತೀರಿಕೊಂಡರು. ಅದಕ್ಕೆ ಮೊದಲಿನ ನಾಲ್ಕೈದು ವರ್ಷ ಮೊಮ್ಮಗಳು ಫೋನು ಹಿಡಿದು ಕೂತು ಅಜ್ಜಿಯ ಬಾಯಿಂದ ನಲವತ್ತಕ್ಕೂ ಹೆಚ್ಚು ಪದಗಳನ್ನು ಹಿಡಿದಿಟ್ಟಿದ್ದಳು. ಅವೂ ಅದೇ ಡಿಸ್ಕಿನಲ್ಲಿ. ಕಳೆದ ತಿಂಗಳು ಆ ಡಿಸ್ಕು ಟಿಕ್ ಟಿಕ್ ಎಂದು ಸದ್ದು ಮಾಡತೊಡಗಿತು. ಫೈಲು ತೆರೆದರೆ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ.

ಹುಡುಗಿ ಬುದ್ಧಿವಂತೆ. ತಕ್ಷಣ ಡಿಸ್ಕಿನ ವೈರು ಕಿತ್ತು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಳು. ಸದ್ದು ಮಾಡುವ ಡಿಸ್ಕನ್ನು ಮತ್ತೆ ಮತ್ತೆ ಹಚ್ಚಿ ನೋಡುವುದು ಬಿರುಕುಬಿಟ್ಟ ಗಡಿಗೆಯಲ್ಲಿ ಮತ್ತೆ ಮತ್ತೆ ನೀರು ಸೇದಿದಂತೆ. ಆಮೇಲೆ ಅಪ್ಪನ ಹತ್ತಿರ ಒಂದು ಬೇಡಿಕೆಯಿಟ್ಟಳು: ಮನೆಗೆ ಒಂದು ಸರ್ವರ್ ಬೇಕು.

ಸರ್ವರ್ ಎಂದರೆ ಹೆದರುವುದೇನಿಲ್ಲ. ಪಂಕ್ತಿಯಲ್ಲಿ ಬಡಿಸುವವ ಎಂದೇ ಅದರ ಅರ್ಥ. ಮನೆಯ ಮೂಲೆಯಲ್ಲಿ ಒಂದು ಕಂಪ್ಯೂಟರು ಹಗಲೂ ರಾತ್ರಿ ಚಾಲೂ ಇರುತ್ತದೆ. ಫೋಟೊ, ಹಾಡು, ಸಿನಿಮಾ ಎಲ್ಲ ಅದರ ಹೊಟ್ಟೆಯಲ್ಲಿ. ಟಿವಿ ಕೇಳಿದರೆ ಟಿವಿಗೆ, ಫೋನು ಕೇಳಿದರೆ ಫೋನಿಗೆ ಬಡಿಸುತ್ತದೆ. ಇಷ್ಟೇ. ಯಜಮಾನರು ಮಾತ್ರ ‘ಮೇಷ್ಟ್ರೇ, ಒಳ್ಳೇ ದೊಡ್ಡ ಕಂಪ್ಯೂಟರೇ ಕೊಡಿಸೋಣ, ಓದೋಕೂ ಆಗುತ್ತೆ’ ಎಂದು ಹೊಸ ಪ್ರಾಸೆಸರು, ಬಣ್ಣದ ದೀಪ ಹತ್ತುವ ಗಾಜಿನ ಪೆಟ್ಟಿಗೆಯ ಕನಸು ಕಾಣುತ್ತಿದ್ದರು. ಕಂಪ್ಯೂಟರ್ ಕೊಡಿಸುವ ತಂದೆ ತಾಯಂದಿರಲ್ಲಿ ನಾನು ಹೆಚ್ಚಾಗಿ ಕಾಣುವುದು ಇದನ್ನೇ. ಹಣವೆಲ್ಲ ಕಣ್ಣಿಗೆ ಕಾಣುವ ಕಡೆಗೆ ಹೋಗುತ್ತದೆ. ಬಡಿಸುವವನಿಗೆ ಜರತಾರಿ ಪೇಟ ಸುತ್ತಿ, ಪಾತ್ರೆ ಮಾತ್ರ ತೂತಿನದು ಕೊಟ್ಟಂತೆ! ಇಲ್ಲಿ ಪಾತ್ರೆಯೆಂದರೆ ಡಿಸ್ಕು.

ರೈಲಿನಲ್ಲಿ ಕೂತು ಪಟ್ಟಿ ಮಾಡಿದೆವು. ಮೊದಲು ಎಷ್ಟು ಜಾಗ ಬೇಕು ಎಂಬ ಲೆಕ್ಕ. ಇರುವುದು 1 ಟಿಬಿ. ಫೋನಿನಲ್ಲಿ 4ಕೆ ವಿಡಿಯೊ ಹಿಡಿದರೆ ನಿಮಿಷಕ್ಕೆ ಸುಮಾರು 350 ಎಂಬಿ ಎಂದಿಟ್ಟುಕೊಳ್ಳಿ. 4 ಟಿಬಿ ಡಿಸ್ಕಿನಲ್ಲಿ ಅಂಥ ವಿಡಿಯೊ 190 ಗಂಟೆಯಷ್ಟು ಹಿಡಿಸುತ್ತದೆ. ಈ ಮನೆಗೆ ಅದು ಧಾರಾಳ. ಅಂದಹಾಗೆ, ಡಿಸ್ಕಿನ ಮೇಲೆ 4 ಟಿಬಿ ಎಂದು ಬರೆದಿದ್ದರೂ ವಿಂಡೋಸ್ 3.63 ಎಂದು ತೋರಿಸಿದಾಗ ಅಂಗಡಿಯವನ ಮೇಲೆ ರೇಗಬೇಡಿ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಸೇರು ಬೇರೆ, ಪಾವು ಬೇರೆ.

ಆಮೇಲೆ ಬಿಡಿಭಾಗಗಳು. ಇಲ್ಲಿಂದಲೇ ಸಾಲಾವಳಿ ಶುರು. ನನಗೆ ಜಾತಕದಲ್ಲಿ ನಂಬಿಕೆಯಿಲ್ಲ. ಆದರೆ ಕಂಪ್ಯೂಟರಿನ ಭಾಗಗಳಿಗೆ ಗಣ, ಗೋತ್ರ, ನಾಡಿ ಎಲ್ಲ ಉಂಟು. ಅವು ಕೂಡಿಬರದಿದ್ದರೆ ಯಾವ ಶಾಂತಿ ಮಾಡಿಸಿದರೂ ಪ್ರಯೋಜನವಿಲ್ಲ.

ಹಳೆಯ ಕಂಪ್ಯೂಟರು ಕೊಳ್ಳುವುದೆಂದು ನಾನೂ ಹುಡುಗಿಯೂ ಯಜಮಾನರನ್ನು ಒಪ್ಪಿಸಿದ್ದೆವು. ಇದಕ್ಕೆ ಒಂದು ಹಿನ್ನೆಲೆಯಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರಾಸೆಸರು ಇರಬೇಕೆಂಬುದು ಮೈಕ್ರೊಸಾಫ್ಟ್ ಹಾಕಿದ ನಿಯಮ, ಏಳನೆಯದರಲ್ಲಿ ಬೆರಳೆಣಿಕೆಯವಕ್ಕೆ ಮಾತ್ರ ವಿನಾಯಿತಿ. ಹೀಗಾಗಿ ಕಚೇರಿಗಳಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಆರು, ಏಳನೇ ತಲೆಮಾರಿನ ಯಂತ್ರಗಳು ಗುಜರಿಯ ದಾರಿ ಹಿಡಿದವು. ಲಿನಕ್ಸ್ ಹಾಕುವವರಿಗೆ ಈ ನಿಯಮ ಲೆಕ್ಕಕ್ಕಿಲ್ಲ. ಇನ್ನೊಬ್ಬರು ಬೇಡವೆಂದು ಬಿಟ್ಟದ್ದು ನಮ್ಮ ಕೆಲಸಕ್ಕೆ ತಕ್ಕದ್ದಾಗಿತ್ತು.

ಎರಡನೇ ಮಹಡಿಯ ಆ ಅಂಗಡಿಯಲ್ಲಿ ಕಪ್ಪು ಪೆಟ್ಟಿಗೆಗಳು ಅಕ್ಕಿ ಮೂಟೆಗಳಂತೆ ಒಟ್ಟಿದ್ದವು. ಒಂದು ರಾಶಿ ಐ5-6500, ಪಕ್ಕದ ರಾಶಿ ಐ5-7500. ಬೆಲೆಯಲ್ಲಿ ಸ್ವಲ್ಪವೇ ವ್ಯತ್ಯಾಸ. ‘ಎರಡೂ ಒಂದೇ ಸಾರ್, ಅದೇ ನಾಲ್ಕು ಕೋರು’ ಎಂದ ಅಂಗಡಿಯವ. ಲೆಕ್ಕ ಮಾಡುವ ಕೆಲಸಕ್ಕೆ ಅವನ ಮಾತು ಸರಿ. ವಿಡಿಯೊ ಬಡಿಸುವ ಕೆಲಸಕ್ಕೆ ಸರಿಯಲ್ಲ. ಅಮೆರಿಕದಲ್ಲಿರುವ ಹುಡುಗಿಯ ಚಿಕ್ಕಪ್ಪ ಕಳಿಸುವ ವಿಡಿಯೊಗಳು ಎಚ್.265 ಎಂಬ ಹೊಸ ಕಟ್ಟಿನವು, ಅದರಲ್ಲೂ ಬಣ್ಣಕ್ಕೆ 10 ಬಿಟ್ ಬಳಸಿದವು. ಹಳೆಯ ಟಿವಿಗೆ ಅದು ಅರ್ಥವಾಗುವುದಿಲ್ಲ. ಆಗ ಸರ್ವರ್ ಅದನ್ನು ಬಡಿಸುತ್ತ ಬಡಿಸುತ್ತಲೇ ಟಿವಿಗೆ ಒಗ್ಗುವ ರೂಪಕ್ಕೆ ಬದಲಿಸಿ ಕೊಡಬೇಕು. ಹಲ್ಲಿಲ್ಲದ ಅಜ್ಜನಿಗೆ ಚಪಾತಿಯನ್ನು ಹಾಲಿನಲ್ಲಿ ನೆನೆಸಿ ಕೊಡುತ್ತಾರಲ್ಲ, ಹಾಗೆ. ಇಂಟೆಲ್ ಪ್ರಾಸೆಸರಿನೊಳಗೆ ಈ ಕೆಲಸಕ್ಕೆಂದೇ ಒಂದು ಪ್ರತ್ಯೇಕ ಭಾಗವಿದೆ. ಆರನೇ ತಲೆಮಾರಿನದು 8 ಬಿಟ್‌ನ ಎಚ್.265 ಬಲ್ಲದು, 10 ಬಿಟ್‌ನದನ್ನು ಪೂರ್ತಿಯಾಗಿ ಬಲ್ಲದ್ದು ಏಳನೆಯದು. ಆ ಒಂದು ಅಂಕಿಗೆ ಕೊಡುವ ಹಣ ದಂಡವಲ್ಲ. ಇನ್ನೊಂದು ಮಾತು. ಇಂಟೆಲ್‌ನ ಮುಂದಿನ ತಲೆಮಾರುಗಳಲ್ಲಿ ನಂಬರಿನ ಕೊನೆಗೆ ‘ಎಫ್’ ಇದ್ದರೆ ಆ ಪ್ರಾಸೆಸರಿನಲ್ಲಿ ಗ್ರಾಫಿಕ್ಸ್ ಭಾಗವೇ ಕೆಲಸಕ್ಕಿರುವುದಿಲ್ಲ. ಆಟವಾಡುವವರು ಬೇರೆ ಕಾರ್ಡು ಹಾಕಿಕೊಳ್ಳುತ್ತಾರೆ. ಮನೆ ಸರ್ವರ್‌ಗೆ ಅದು ಹೊಂದುವುದಿಲ್ಲ.

ಅಲ್ಲೇ ಒಬ್ಬ ಹುಡುಗ ಬೇರೊಂದು ವಾದದಲ್ಲಿದ್ದ. ಅವನ ಕೈಯಲ್ಲಿ ಎಂಟನೇ ತಲೆಮಾರಿನ ಪ್ರಾಸೆಸರು, ಕೊಳ್ಳಲು ಹೊರಟದ್ದು ಏಳನೆಯದರ ಮದರ್‌ಬೋರ್ಡು. ಎರಡಕ್ಕೂ ಸಾಕೆಟ್ಟಿನ ಹೆಸರು 1151. ಪಿನ್ನುಗಳ ಸಂಖ್ಯೆ ಅಷ್ಟೇ, ಅಳತೆ ಅಷ್ಟೇ, ಇಟ್ಟರೆ ಕೂತುಕೊಳ್ಳುತ್ತದೆ. ಆದರೆ 2017ರಲ್ಲಿ ಎಂಟನೆಯದು ಬಂದಾಗ ಇಂಟೆಲ್ ಕೆಲವು ಪಿನ್ನುಗಳ ಕೆಲಸವನ್ನು ಬದಲಿಸಿ, 300ರ ಸರಣಿಯ ಹೊಸ ಬೋರ್ಡುಗಳೇ ಬೇಕೆಂದಿತು. ಮುಖ ಒಂದೇ, ನಾಡಿ ಬೇರೆ. ಅಂಗಡಿಯವನೇ ಆ ಹುಡುಗನಿಗೆ ‘ಬೇಡ ತಮ್ಮ, ಓಡಲ್ಲ’ ಎಂದು ಹೇಳಿ ಕಳಿಸಿದ. ವ್ಯಾಪಾರ ಬಿಟ್ಟು ಸತ್ಯ ಹೇಳುವವರು ಈ ಬೀದಿಯಲ್ಲಿ ಇದ್ದಾರೆ, ಹುಡುಕಬೇಕು.

ಪೆಟ್ಟಿಗೆಯ ಆಯ್ಕೆಯಲ್ಲೂ ಒಂದು ಮರ್ಮವಿದೆ. ಪುಸ್ತಕದಂತೆ ತೆಳ್ಳಗಿರುವ ಕಚೇರಿ ಕಂಪ್ಯೂಟರುಗಳು ಚೆಂದ, ಅಗ್ಗ. ಆದರೆ 3.5 ಇಂಚಿನ ದೊಡ್ಡ ಡಿಸ್ಕು ಅದರಲ್ಲಿ ಹೆಚ್ಚೆಂದರೆ ಒಂದು ಹಿಡಿಸೀತು, ಕೆಲವದರಲ್ಲಿ ಅದೂ ಇಲ್ಲ. ನಾವು ಗೋಪುರದ ಆಕಾರದ್ದನ್ನು ಆರಿಸಿ, ಪಕ್ಕದ ತಗಡು ಬಿಚ್ಚಿಸಿ ಮೂರು ಸಂಗತಿ ಎಣಿಸಿದೆವು: ಡಿಸ್ಕು ಕೂರಿಸುವ ಜಾಗ ಎಷ್ಟು, ಬೋರ್ಡಿನ ಮೇಲೆ ಸಾಟಾ ಕಿಂಡಿ ಎಷ್ಟು, ವಿದ್ಯುತ್ತಿನ ವೈರಿನ ತುದಿ ಎಷ್ಟು. ಮೂರನೆಯದನ್ನು ಯಾರೂ ಎಣಿಸುವುದಿಲ್ಲ! ದೊಡ್ಡ ಕಂಪನಿಗಳ ಕಚೇರಿ ಯಂತ್ರಗಳಲ್ಲಿ ಪವರ್ ಸಪ್ಲೈ ಅನೇಕ ವೇಳೆ ಅವರದೇ ವಿಶೇಷ ಅಳತೆಯದು. ಕೆಟ್ಟರೆ ಬೀದಿಯ ಮಾಮೂಲಿ ಸಪ್ಲೈ ಅದಕ್ಕೆ ಹೊಂದದು. ಅದಕ್ಕೇ ಅದೇ ಮಾದರಿಯ ಹಳೆಯ ಸಪ್ಲೈ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ, ಎದುರಿನ ಗೂಡಿನಲ್ಲಿ ಇರುವುದನ್ನು ಕಣ್ಣಾರೆ ಕಂಡ ಮೇಲೆ ಮುಂದುವರಿದೆವು. ಡಿಸ್ಕು ತಿರುಗಲು ಶುರುವಾಗುವ ಕ್ಷಣದಲ್ಲಿ 12 ವೋಲ್ಟಿನ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ, ಅಂದರೆ 24 ವ್ಯಾಟ್. ಒಂದೆರಡು ಡಿಸ್ಕಿಗೆ ಚಿಂತೆಯಿಲ್ಲ. ಆರು ಎಂಟು ತುರುಕುವ ಉತ್ಸಾಹಿಗಳು ಮೊದಲು ಈ ಗುಣಾಕಾರ ಮಾಡಬೇಕು.

ರ್‍ಯಾಮ್ ವಿಷಯಕ್ಕೆ ಬಂದರೆ, ಅದರಲ್ಲಿದ್ದದ್ದು 8 ಜಿಬಿ. ಈ ಕೆಲಸಕ್ಕೆ ಅಷ್ಟು ಸಾಕು. ಯಜಮಾನರಿಗೆ 16 ಆಗಲಿ ಎಂಬ ಆಸೆ. 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ಚಿನ್ನದ ಹಾಗೆ ಏರಿದ್ದನ್ನು ಕಂಡಿದ್ದ ಅಂಗಡಿಯವ ಒಳಗಿನಿಂದ ಅಗ್ಗದ ಒಂದು ಪಟ್ಟಿ ತಂದ. ಡಿಡಿಆರ್4, 16 ಜಿಬಿ, ಯಾವುದೋ ದೊಡ್ಡ ಸರ್ವರಿನಿಂದ ಕಿತ್ತದ್ದು. ಡಿಡಿಆರ್3ಕ್ಕೆ 240 ಕಾಲು, ಡಿಡಿಆರ್4ಕ್ಕೆ 288. ನಡುವಿನ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಹೋಗುವುದೇ ಇಲ್ಲ. ಇದು ಒಳ್ಳೆಯ ವಿನ್ಯಾಸ, ತಪ್ಪು ಮಾಡಲು ಬಿಡುವುದಿಲ್ಲ. ಆದರೆ ಈ ಪಟ್ಟಿಯ ಮೇಲೆ ‘ರಿಜಿಸ್ಟರ್ಡ್’ ಎಂಬ ಗುರುತಿತ್ತು. ಕಚ್ಚು ಸರಿಯಾಗಿ ಹೊಂದುತ್ತದೆ, ಮನೆಯ ಮದರ್‌ಬೋರ್ಡಿನಲ್ಲಿ ಸಲೀಸಾಗಿ ಕೂರುತ್ತದೆ, ಯಂತ್ರ ಮಾತ್ರ ಏಳುವುದಿಲ್ಲ. ಹೊಂದುವುದಿಲ್ಲ ಎಂದು ಮುಖಕ್ಕೆ ಹೇಳುವ ಭಾಗಕ್ಕಿಂತ ಹೊಂದಿದಂತೆ ನಟಿಸುವ ಭಾಗವೇ ಅಪಾಯ.

ನಡುವೆ ಬೈಟು ಕಾಫಿ. ಆ ಬಗ್ಗೆ ಬರೆಯುವಂಥದ್ದೇನಿಲ್ಲ, ಬಿಸಿಯಾಗಿತ್ತು.

ಇನ್ನು ಡಿಸ್ಕು. ಇಲ್ಲಿ ನಾವು ಹೆಚ್ಚು ಹೊತ್ತು ಕಳೆದೆವು, ಕಳೆಯಬೇಕಾದದ್ದೂ ಇಲ್ಲೇ. ಮೊದಲ ಅಂಗಡಿಯಲ್ಲಿ 4 ಟಿಬಿ ಡಿಸ್ಕು ಬೇರೆಡೆಯ ಅರ್ಧ ಬೆಲೆಗೆ ಬಂತು. ‘ಎಂಟರ್‌ಪ್ರೈಸ್ ಮಾಲು ಸಾರ್, ಡಾಟಾ ಸೆಂಟರ್‌ದು, ಆನೆ ಇದ್ದಂಗೆ’ ಎಂದ. ಯಜಮಾನರ ಕೈ ಜೇಬಿಗೆ ಹೋಯಿತು. ಹುಡುಗಿ ಡಿಸ್ಕನ್ನು ತಿರುಗಿಸಿ ಹಿಂಬದಿ ನೋಡಿದಳು.

‘ಅಪ್ಪಾ, ತಗೋಬೇಡಿ. ಮಧ್ಯೆ ಸಂದಿ ಇಲ್ಲ.’

ನಾನು ಹೇಳುವ ಮೊದಲೇ ಅವಳು ಕಂಡುಹಿಡಿದಿದ್ದಳು. ಮನೆಯಲ್ಲಿ ಬಳಸುವ ಸಾಟಾ ಡಿಸ್ಕಿನ ಹಿಂದೆ ಎರಡು ತುಟಿಗಳಿರುತ್ತವೆ. ಮಾಹಿತಿಗೆ 7 ಪಿನ್ನಿನ ಚಿಕ್ಕದು, ವಿದ್ಯುತ್ತಿಗೆ 15 ಪಿನ್ನಿನ ದೊಡ್ಡದು, ನಡುವೆ ಒಂದು ಸಂದಿ. ದೊಡ್ಡ ಸರ್ವರುಗಳಲ್ಲಿ ಬಳಸುವ ‘ಸಾಸ್’ ಡಿಸ್ಕಿನಲ್ಲಿ ಆ ಸಂದಿ ತುಂಬಿರುತ್ತದೆ. ಸಾಸ್ ಕಿಂಡಿಗೆ ಸಾಟಾ ಡಿಸ್ಕು ಹಚ್ಚಬಹುದು, ಸಾಟಾ ಕಿಂಡಿಗೆ ಸಾಸ್ ಡಿಸ್ಕು ಹಚ್ಚಲಾಗದು. ಅದಕ್ಕೆಂದೇ ಬೇರೆ ಕಾರ್ಡು ಬೇಕು. ಅಗ್ಗವಾಗಿ ಸಿಗುವುದಕ್ಕೆ ಕಾರಣ ಇದೇ. ಅಂಗಡಿಯವ ಸುಳ್ಳೇನೂ ಹೇಳಿರಲಿಲ್ಲ, ಅದು ಆನೆಯೇ. ನಮ್ಮ ಮನೆಯಲ್ಲಿ ಆನೆ ಕಟ್ಟುವ ಗೂಟವಿರಲಿಲ್ಲ, ಅಷ್ಟೆ.

ಡಾಟಾ ಸೆಂಟರಿನ ಸಾಟಾ ಡಿಸ್ಕುಗಳೂ ಸಿಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಮೂರನೇ ಪವರ್ ಪಿನ್ನಿಗೆ 3.3 ವೋಲ್ಟು ತಗುಲಿದರೆ ಸುಮ್ಮನೆ ಮಲಗಿಬಿಡುವ ಗುಣವಿದೆ. ಹೊಸ ನಿಯಮದ ಪ್ರಕಾರ ಅದು ದೂರದಿಂದ ಡಿಸ್ಕನ್ನು ಆರಿಸುವ ಸಂಕೇತ. ಹಳೆಯ ಪವರ್ ಸಪ್ಲೈ ಇದನ್ನು ಅರಿಯದೆ ಆ ಪಿನ್ನಿಗೆ ವಿದ್ಯುತ್ತು ಕೊಡುತ್ತಲೇ ಇರುತ್ತದೆ. ಡಿಸ್ಕು ಸತ್ತಿದೆಯೆಂದು ಎಷ್ಟೋ ಜನ ಎಸೆಯುತ್ತಾರೆ. ಪಾಪ, ಅದು ಸತ್ತಿರುವುದಿಲ್ಲ, ಮಾತು ಕೇಳುತ್ತಿರುತ್ತದೆ.

ಹಳೆಯ ಡಿಸ್ಕು ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ, ಆದರೆ ಅದರ ಆರೋಗ್ಯದ ಚೀಟಿ ನೋಡದೆ ಕೊಳ್ಳಬೇಡಿ. ಪ್ರತಿ ಡಿಸ್ಕೂ ತಾನು ಎಷ್ಟು ಗಂಟೆ ಓಡಿದೆ, ಎಷ್ಟು ಜಾಗ ಕೆಟ್ಟಿದೆ ಎಂದು ‘ಸ್ಮಾರ್ಟ್’ ಎಂಬ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ವರ್ಷಕ್ಕೆ 8760 ಗಂಟೆ. 35 ಸಾವಿರ ಗಂಟೆ ಕಂಡರೆ ಅದು ನಾಲ್ಕು ವರ್ಷ ಹಗಲಿರುಳು ದುಡಿದ ಡಿಸ್ಕು. ಕೆಟ್ಟ ಜಾಗದ ಎಣಿಕೆ ಸೊನ್ನೆಯಾಗಿರಬೇಕು. ಈ ಚೀಟಿಯನ್ನೂ ಅಳಿಸಿ ಬರೆಯುವವರಿದ್ದಾರೆ. ಬಳಸಿದ ಡಿಸ್ಕುಗಳನ್ನು ಗಂಟೆ ಸೊನ್ನೆ ಮಾಡಿ ಹೊಸದೆಂದು ಮಾರಿದ್ದು 2025ರ ಆರಂಭದಲ್ಲಿ ಜರ್ಮನಿಯಲ್ಲೇ ಬಯಲಾಯಿತು. ಅಜ್ಜಿಯ ಪದಗಳನ್ನು ಇಡುವ ಡಿಸ್ಕು ಹೊಸದೇ ಆಗಲಿ ಎಂದು ನಾನು ಪಟ್ಟು ಹಿಡಿದೆ.

ಹೊಸದರಲ್ಲೂ ಎರಡು ಜಾತಿ. ನಮ್ಮ ಮಂಗಳೂರು ಹೆಂಚಿನ ಮಾಡನ್ನು ನೆನಪಿಸಿಕೊಳ್ಳಿ. ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತದೆ. ನಡುವಿನ ಒಂದು ಹೆಂಚು ಬದಲಿಸಬೇಕೆಂದರೆ ಅಕ್ಕಪಕ್ಕದ್ದನ್ನೂ ಎತ್ತಬೇಕು. ‘ಎಸ್‌ಎಂಆರ್’ ಎಂಬ ವಿಧಾನದಲ್ಲಿ ಡಿಸ್ಕಿನ ಮೇಲಿನ ಗೆರೆಗಳನ್ನು ಹೀಗೆ ಒಂದರ ಮೇಲೊಂದು ಸರಿಸಿ ಬರೆಯುತ್ತಾರೆ. ಜಾಗ ಉಳಿಯುತ್ತದೆ, ಆದರೆ ತಿದ್ದಿ ಬರೆಯುವಾಗ ಡಿಸ್ಕು ಏದುಸಿರು ಬಿಡುತ್ತದೆ. ‘ಸಿಎಂಆರ್’ನಲ್ಲಿ ಗೆರೆಗಳು ಬಿಡಿಬಿಡಿ. ಮನೆಯ ಸರ್ವರುಗಳಿಗೆಂದೇ ಮಾರುತ್ತಿದ್ದ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನ 2ರಿಂದ 6 ಟಿಬಿವರೆಗಿನ ಕೆಲವು ಮಾದರಿಗಳು ಎಸ್‌ಎಂಆರ್ ಎಂದು 2020ರಲ್ಲಿ ಗೊತ್ತಾದಾಗ ದೊಡ್ಡ ಗದ್ದಲವಾಯಿತು. ಆಮೇಲೆ ಕಂಪನಿ ಯಾವುದು ಯಾವ ಜಾತಿಯೆಂದು ಪಟ್ಟಿ ಪ್ರಕಟಿಸಿತು, ರೆಡ್ ಪ್ಲಸ್ ಎಂಬ ಹೆಸರನ್ನು ಸಿಎಂಆರ್‌ಗೆ ಇಟ್ಟಿತು. ಸೀಗೇಟ್‌ನ ಐರನ್‌ವುಲ್ಫ್ ಸಾಲಿನವು ಸಿಎಂಆರ್. ಪೆಟ್ಟಿಗೆಯ ಮೇಲಿನ ಚಿತ್ರ ನೋಡಬೇಡಿ, ಡಿಸ್ಕಿನ ಮಾದರಿ ಸಂಖ್ಯೆಯನ್ನು ಪೂರ್ತಿ ಓದಿ ಫೋನಿನಲ್ಲಿ ಹುಡುಕಿ. ಹುಡುಗಿ ಅಂಗಡಿಯ ಮುಂದೆ ನಿಂತೇ ಹುಡುಕಿದಳು.

ಈಗ ಯಜಮಾನರ ಪ್ರಶ್ನೆ. ‘ಮೇಷ್ಟ್ರೇ, ಎರಡು ನಾಲ್ಕು ಯಾಕೆ? ಎಂಟರದ್ದು ಒಂದೇ ತಗೊಂಡ್ರೆ ದುಡ್ಡೂ ಉಳಿಯುತ್ತಲ್ಲ?’ ವ್ಯಾಪಾರಸ್ಥರ ಲೆಕ್ಕ ತಪ್ಪಲ್ಲ. ನಾನು ಕೇಳಿದೆ, ‘ನಿಮ್ಮ ಮನೆ ಪತ್ರ ಒಂದೇ ಇದ್ದದ್ದಕ್ಕೆ ಜೆರಾಕ್ಸ್ ಮಾಡಿಸಿ ತಮ್ಮನ ಮನೆಯಲ್ಲಿಟ್ಟಿದ್ದೀರಲ್ಲ, ಯಾಕೆ?’ ಅವರು ಮತ್ತೆ ಮಾತಾಡಲಿಲ್ಲ. 4ರದ್ದೇ ಎರಡು ಕೊಂಡೆವು.

ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕನ್ನಡಿಯಂತೆ ಜೋಡಿಸುವ ವಿಧಾನವೊಂದಿದೆ. ‘ರೇಡ್’ ಎಂದು ಅದರ ಹೆಸರು, 1988ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬುವರು ಪ್ರಬಂಧದಲ್ಲಿ ಮಂಡಿಸಿದ್ದು. ಒಂದು ಡಿಸ್ಕು ಕೆಟ್ಟರೆ ಇನ್ನೊಂದು ಕೈ ಹಿಡಿಯುತ್ತದೆ, ಕೆಲಸ ನಿಲ್ಲುವುದಿಲ್ಲ. ಅಂಗಡಿ, ಕಚೇರಿಗಳಿಗೆ ಅದು ಬೇಕು. ಮನೆಗೆ? ಕನ್ನಡಿಯ ಮುಂದೆ ನೀವು ತಲೆ ಬೋಳಿಸಿದರೆ ಕನ್ನಡಿಯಲ್ಲಿರುವವನ ತಲೆಯೂ ಬೋಳು. ಮಗು ಆಡುತ್ತ ಒಂದು ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಸಿಡಿಲು ಬಡಿದರೆ ಎರಡಕ್ಕೂ ಬಡಿಯುತ್ತದೆ. ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರವೇ ಮನೆಗಳಿಗೆ ಒಳ್ಳೆಯದು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಿಂದ ಹೊರಗೆ. ಹೀಗಾಗಿ ಎರಡನೆಯ ಡಿಸ್ಕಿಗೆ ಯುಎಸ್‌ಬಿ ಹೊರಪೆಟ್ಟಿಗೆಯೊಂದನ್ನು ಕೊಂಡೆವು. ಅದರಲ್ಲೂ ನೋಡಬೇಕಾದ್ದಿದೆ. 3.5 ಇಂಚಿನ ಡಿಸ್ಕಿಗೆ 12 ವೋಲ್ಟಿನ ಪ್ರತ್ಯೇಕ ಅಡಾಪ್ಟರು ಇರುವಂಥದ್ದೇ ಆಗಬೇಕು. ಬಹಳ ಹಳೆಯ ಹೊರಪೆಟ್ಟಿಗೆಗಳು 2 ಟಿಬಿಯಾಚೆ ಎಣಿಸಲಾರವು. ವಿದ್ಯಾರ್ಥಿಗಳಿಗೆ ಒಂದು ಲೆಕ್ಕ: 2ರ 32ನೇ ಘಾತ 4,29,49,67,296. ಪ್ರತಿ ತುಣುಕಿಗೆ 512 ಬೈಟಿನಂತೆ ಗುಣಿಸಿ ನೋಡಿ, 2.2 ಟಿಬಿಗೆ ಸಂಖ್ಯೆ ಮುಗಿದುಹೋಗುತ್ತದೆ. ಡಿಸ್ಕನ್ನು ಅಣಿಗೊಳಿಸುವಾಗಲೂ ಇದೇ ಕಾರಣಕ್ಕೆ ಹಳೆಯ ಎಂಬಿಆರ್ ಬಿಟ್ಟು ಜಿಪಿಟಿ ಎಂಬುದನ್ನೇ ಆರಿಸಬೇಕು.

ಕೆಲವು ಅಂಗಡಿಯವರು ‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ’ ಎನ್ನುವುದುಂಟು. ಡಿಸ್ಕಿನ ವಿಷಯದಲ್ಲಿ ಈ ಆಸೆಗೆ ಬೀಳಬಾರದು. ಜಿಎಸ್‌ಟಿ ಬಿಲ್ಲಿನಲ್ಲಿ ಎರಡೂ ಡಿಸ್ಕಿನ ಸೀರಿಯಲ್ ನಂಬರು ಬರೆಸಿ, ಕಂಪನಿಯ ಜಾಲತಾಣದಲ್ಲಿ ವಾರಂಟಿ ನಮ್ಮ ದೇಶದ್ದೇ ಎಂದು ಖಚಿತ ಮಾಡಿಕೊಂಡೇ ಹಣ ಕೊಟ್ಟೆವು. ಒಟ್ಟು ಖರ್ಚಿನಲ್ಲಿ ಎರಡು ಡಿಸ್ಕುಗಳದ್ದೇ ದೊಡ್ಡ ಪಾಲು, ಕಂಪ್ಯೂಟರಿನದು ಚಿಕ್ಕದು. ಯಜಮಾನರಿಗೆ ಇದು ವಿಚಿತ್ರವಾಗಿ ಕಂಡಿತು. ಪೆಟಾರಿಗಿಂತ ಒಳಗಿನ ಒಡವೆಗೆ ತಾನೆ ಬೆಲೆ?

ಊರಿಗೆ ಬಂದ ಮೇಲೆ ಜೋಡಣೆಯೆಲ್ಲ ಹುಡುಗಿಯದೇ. ಒಂದು ಚಿಕ್ಕ ಎಸ್‌ಎಸ್‌ಡಿಗೆ ಡೆಬಿಯನ್ ಆಧಾರಿತ ಓಪನ್‌ಮೀಡಿಯಾವಾಲ್ಟ್, ಅದರ ಮೇಲೆ 2018ರಲ್ಲಿ ಶುರುವಾದ ಜೆಲ್ಲಿಫಿನ್ ಎಂಬ ಉಚಿತ ತಂತ್ರಾಂಶ. ಎರಡಕ್ಕೂ ಕಾಸಿಲ್ಲ. ಎಸ್‌ಎಸ್‌ಡಿಯನ್ನು ಎಂ.2 ಕಿಂಡಿಗೆ ಹಾಕುವವರು ಬೋರ್ಡಿನ ಕೈಪಿಡಿ ನೋಡಬೇಕು. ಕೆಲವು ಬೋರ್ಡುಗಳಲ್ಲಿ ಆ ಕಿಂಡಿ ತುಂಬಿದರೆ ಒಂದು ಸಾಟಾ ಕಿಂಡಿ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ.

ಎಲ್ಲ ಸರಿಯಾದ ಮೇಲೆ ಟಿವಿಯಲ್ಲಿ 4ಕೆ ವಿಡಿಯೊ ತಡವರಿಸಿತು. ಸರ್ವರ್ ನಿರಪರಾಧಿ. ಮನೆಯ ಹಳೆಯ ರೌಟರಿನ ಕಿಂಡಿಗಳು ಸೆಕೆಂಡಿಗೆ 100 ಮೆಗಾಬಿಟ್‌ನವು. ಬಿಟ್‌ಗೂ ಬೈಟ್‌ಗೂ ಎಂಟರ ಅಂತರ. 100 ಮೆಗಾಬಿಟ್ ಎಂದರೆ ನಿಜದಲ್ಲಿ ಸೆಕೆಂಡಿಗೆ 11–12 ಎಂಬಿ. ಹಾಗಾದರೆ 1 ಟಿಬಿ ಸಾಗಿಸಲು ಒಂದು ಹಗಲು, ಒಂದು ರಾತ್ರಿ! ಗಿಗಾಬಿಟ್ ಕಿಂಡಿಯ ಒಂದು ಚಿಕ್ಕ ಸ್ವಿಚ್ಚು, ಎಂಟೂ ತಂತಿಗಳು ಸರಿಯಾಗಿರುವ ಕ್ಯಾಟ್ 5ಇ ವೈರು ಹಾಕಿದ ಮೇಲೆ ಅದೇ ಕೆಲಸ ಮೂರು ಗಂಟೆಯ ಒಳಗೆ. ಎಂಟು ತಂತಿಯಲ್ಲಿ ನಾಲ್ಕೇ ಜೋಡಿಸಿದ ವೈರೂ ಕೆಲಸ ಮಾಡುತ್ತದೆ, ಆದರೆ 100ರ ವೇಗಕ್ಕೆ ಇಳಿದು ಕೂರುತ್ತದೆ. ಅದೂ ಹೊಂದಿದಂತೆ ನಟಿಸುವ ಪೈಕಿ.

ಕರೆಂಟಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ತಾಯಂದಿರು ಕೇಳುವುದು ಇದನ್ನೇ. ಪ್ಲಗ್ಗಿಗೆ ಹಾಕುವ ಮೀಟರಿನಲ್ಲಿ ನೋಡಿದಾಗ ಯಂತ್ರ ಸುಮ್ಮನಿದ್ದಾಗ ಸುಮಾರು 30 ವ್ಯಾಟ್ ತೋರಿಸಿತು. ದಿನಕ್ಕೆ 24 ಗಂಟೆ, 30 ದಿನ. ತಿಂಗಳಿಗೆ 21.6 ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿಯ ಲಾಭ ಪಡೆಯುತ್ತಿರುವ ಮನೆಯವರು ತಮ್ಮ ಬಿಲ್ಲಿನಲ್ಲಿ ಈ ಇಪ್ಪತ್ತೆರಡು ಯೂನಿಟ್ಟಿಗೆ ಜಾಗವಿದೆಯೇ ನೋಡಿಕೊಳ್ಳಲಿ. 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ಆಟದ ಗ್ರಾಫಿಕ್ಸ್ ಕಾರ್ಡಿರುವ ದೊಡ್ಡ ಯಂತ್ರವನ್ನು ಹಗಲಿರುಳು ಓಡಿಸಿದರೆ ಏನಾಗುತ್ತಿತ್ತೆಂದು ಯಜಮಾನರಿಗೆ ಆಗ ಮನವರಿಕೆಯಾಯಿತು. ಕರೆಂಟು ಹೋದಾಗ ಡಿಸ್ಕು ಬರೆಯುತ್ತಿದ್ದರೆ ಫೈಲು ಕೆಡಬಹುದು, ಅದಕ್ಕೊಂದು ಚಿಕ್ಕ ಯುಪಿಎಸ್ ಇಟ್ಟಿದ್ದಾರೆ.

ಇಷ್ಟಾದ ಮೇಲೆ ಬೀರುವಿನಿಂದ ಹಳೆಯ ಡಿಸ್ಕು ಹೊರಬಂತು. ಮಾಮೂಲಿ ಕಾಪಿ ಪೇಸ್ಟ್ ಮಾಡಲಿಲ್ಲ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ಉಪಕರಣವಿದೆ. ಅದು ಕೆಟ್ಟ ಜಾಗದಲ್ಲಿ ಹಟ ಹಿಡಿದು ನಿಲ್ಲದೆ, ಚೆನ್ನಾಗಿರುವುದನ್ನು ಮೊದಲು ಎತ್ತಿಕೊಂಡು, ಉಳಿದದ್ದಕ್ಕೆ ಆಮೇಲೆ ಮರಳುತ್ತದೆ. ಡಿಸ್ಕಿನ ಒಳಗಿನ ತಲೆಯೇ ಮುರಿದಿದ್ದರೆ ಇದರಿಂದಲೂ ಆಗದು, ಎಸ್.ಪಿ. ರೋಡಿನ ಡಾಟಾ ರಿಕವರಿ ಅಂಗಡಿಗಳ ಮೆಟ್ಟಿಲು ಹತ್ತಬೇಕು, ಅಲ್ಲಿನ ಬಿಲ್ಲು ಎರಡು ಹೊಸ ಡಿಸ್ಕುಗಳಿಗಿಂತ ಭಾರ. ಇಲ್ಲಿ ಆ ಹಂತ ಬರಲಿಲ್ಲ. ಎರಡು ರಾತ್ರಿ ಯಂತ್ರ ತಾನೇ ದುಡಿಯಿತು. ಫೋಟೊಗಳು ಹೆಚ್ಚುಕಡಿಮೆ ಪೂರ್ತಿ ಬಂದವು. ಒಂದು ಗೃಹಪ್ರವೇಶದ ವಿಡಿಯೊ ಹೋಯಿತು, ಅದಕ್ಕೆ ಯಾರೂ ಅಳಲಿಲ್ಲ.

ಸೋಬಾನೆ ಪದಗಳು ಎಲ್ಲ ಸೇರಿ 3 ಜಿಬಿಯೂ ಇಲ್ಲ. ಅವು ಸರ್ವರಿನಲ್ಲಿವೆ, ಹೊರಪೆಟ್ಟಿಗೆಯ ಡಿಸ್ಕಿನಲ್ಲಿವೆ, ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗದಲ್ಲೂ ಇವೆ. ಹೊರಪೆಟ್ಟಿಗೆ ಇರುವುದು ತಿಪಟೂರಿನ ಅತ್ತೆಯ ಮನೆಯ ದೇವರ ಕೋಣೆಯಲ್ಲಿ. ಹಬ್ಬಕ್ಕೆ ಹೋದಾಗ ತಂದು, ಹೊಸದನ್ನು ಸೇರಿಸಿ, ಮುಂದಿನ ವಾರ ಹಿಂದಿರುಗಿಸುತ್ತಾರೆ. ಮೇಲೆ ಅಂಟಿಸಿದ ಚೀಟಿಯಲ್ಲಿ ಕೊನೆಯ ಪ್ರತಿಯ ತಾರೀಖು ಬರೆದಿರುತ್ತದೆ. ನಲವತ್ತಮೂರು ಪದಗಳಲ್ಲಿ ಎರಡು ಮಾತ್ರ ನಡುವೆ ಕಡಿದುಹೋಗಿವೆ. ಅತ್ತೆಗೆ ಆ ಎರಡೂ ಬರುತ್ತವಂತೆ. ಮುಂದಿನ ತಿಂಗಳು ತಿಪಟೂರಿನಲ್ಲಿ ನೆಂಟರ ಮದುವೆಯಿದೆ, ಅಲ್ಲಿ ಅವರ ಬಾಯಿಂದ ಹೇಳಿಸಿ ಹಿಡಿದುಕೊಳ್ಳುವುದೆಂದು ಹುಡುಗಿ ಹೊರಟಿದ್ದಾಳೆ.